ಫಿಲಿಪೀನ್ಸ್‌ನ ಹುಳಿಸಾರು: ಯಾವ ಹಣ್ಣು, ಯಾವ ಹದ?

ಅಡುಗೆಯ ಬಣ್ಣವನ್ನು ಟೆಲಿವಿಷನ್ ತೋರಿಸಬಲ್ಲದು, ಒಲೆಯ ಮೇಲೆ ಕುದಿಯುವ ಸದ್ದನ್ನೂ ಕೇಳಿಸಬಲ್ಲದು. ಹುಳಿಯನ್ನು ಮಾತ್ರ ನಿಮ್ಮ ನಾಲಿಗೆಗೆ ಮುಟ್ಟಿಸಲಾರದು. ಆದ್ದರಿಂದ ಹುಳಿಯ ಸಂಗತಿಯನ್ನು ಬರೆದೇ ತಿಳಿಸಬೇಕು.

ಸಾರಿಗೆ ಹುಳಿ ಎಂದೊಡನೆ ನಮಗೆ ನೆನಪಾಗುವುದು ಹುಣಸೆಹಣ್ಣು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ಫಿಲಿಪೀನ್ಸ್‌ನಲ್ಲಿ ಹುಳಿಗೆ ಬಳಸುವ ಹಣ್ಣುಕಾಯಿಗಳು ಹಲವು. ಅಲ್ಲಿನ ಮನೆಮನೆಯ ಅಡುಗೆ 'ಸಿನಿಗಾಂಗ್'. ಅದೊಂದು ತೆಳುವಾದ ಹುಳಿಸಾರು. ಆ ದೇಶದ ಆಹಾರದ ಬಗ್ಗೆ ಆಳವಾಗಿ ಬರೆದ ಡೊರೀನ್ ಫರ್ನಾಂಡೆಜ್ (1934–2002) ಅವರು, ಫಿಲಿಪಿನೋ ರುಚಿಯ ನಿಜವಾದ ಪ್ರತಿನಿಧಿ ಹೆಸರಾಂತ ಅಡೋಬೋ ಅಲ್ಲ, ಸಿನಿಗಾಂಗ್ ಎಂದು ವಾದಿಸಿದ್ದರು.

ಇದಕ್ಕೆ ಬೇಳೆ ಬೇಡ, ಹುರಿದ ಮಸಾಲೆ ಬೇಡ, ಒಗ್ಗರಣೆಯೂ ಬೇಡ. ಅನೇಕರು ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರನ್ನು ಬಳಸುತ್ತಾರೆ. ಅದರ ಪಿಷ್ಟದಿಂದ ಸಾರು ತುಸು ಮಂದವಾಗುತ್ತದೆ. ಮೀನು, ಸೀಗಡಿ ಅಥವಾ ಹಂದಿಮಾಂಸದ ಜೊತೆಗೆ ಈರುಳ್ಳಿ, ಟೊಮೇಟೊ, ಮೂಲಂಗಿ, ಬದನೆ, ಬೆಂಡೆ, ಕೆಸುವಿನ ಗಡ್ಡೆ ಬೇಯುತ್ತವೆ. ಎಲ್ಲವೂ ನಮ್ಮ ಸಂತೆಯಲ್ಲಿ ಸಿಗುವಂಥವೇ! ವ್ಯತ್ಯಾಸವಿರುವುದು ಹುಳಿಯ ಆಯ್ಕೆಯಲ್ಲಿ.

ಹಣ್ಣಿನ ಲೆಕ್ಕಾಚಾರ

ಹುಣಸೆಯಾದರೆ ಸಾಮಾನ್ಯವಾಗಿ ಹಸಿರು ಕಾಯಿಯನ್ನೇ ಬೇಯಿಸಿ, ಹಿಸುಕಿ, ಸೋಸಿ ರಸ ತೆಗೆಯುತ್ತಾರೆ. ಹುಣಸೆಯ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಮಾವು ಹಣ್ಣಾದಂತೆ ಅದರ ಆಮ್ಲ ಕಡಿಮೆಯಾಗುತ್ತದೆ. ಹುಣಸೆಯಲ್ಲಿ ಹಾಗಲ್ಲ; ಸಕ್ಕರೆ ಹೆಚ್ಚಿದರೂ ಆಮ್ಲ ಉಳಿದುಕೊಳ್ಳುತ್ತದೆ. ಆದ್ದರಿಂದ ಮಾವಿನಿಂದ ಹುಳಿ ಬೇಕಿದ್ದರೆ ಕಾಯಿಯನ್ನೇ ಆರಿಸಬೇಕು. ಹುಣಸೆಯಾದರೆ ಹಣ್ಣೂ ಹುಳಿಯೇ.

ಸೀಬೆಯ ಸಿನಿಗಾಂಗ್‌ಗೆ ಮಾತ್ರ ಮಾಗಿದ ಹಣ್ಣು. ಅದರಲ್ಲಿ ಹುಳಿ ಸೌಮ್ಯ, ಪರಿಮಳ ಹೆಚ್ಚು, ಪೆಕ್ಟಿನ್‌ನಿಂದಾಗಿ ಸಾರೂ ಗಟ್ಟಿ. ಸೀಬೆ ಮೂಲತಃ ಅಮೆರಿಕ ಖಂಡದ್ದು. 1565ರಿಂದ 1815ರವರೆಗೆ ಮನಿಲಾ ಮತ್ತು ಮೆಕ್ಸಿಕೋದ ಅಕಾಪುಲ್ಕೋ ನಡುವೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಸ್ಪೇನಿನವರ ಕಾಲದಲ್ಲಿ ಸೀಬೆ, ಪರಂಗಿ, ಸಪೋಟ ಫಿಲಿಪೀನ್ಸ್‌ಗೆ ಬಂದವು; ಅಲ್ಲಿನ ಮಾವು ಮೆಕ್ಸಿಕೋ ಸೇರಿತು. ಅಲ್ಲಿ ಇಂದಿಗೂ ಒಂದು ಮಾವಿನ ತಳಿಯ ಹೆಸರು 'ಮನಿಲಾ'.

ಮೀನಿನ ಸಾರಿಗೆ 'ಕಮಿಯಾಸ್' ಒಳ್ಳೆಯ ಜೋಡಿ. ಇದು ಬೇರೇನಲ್ಲ, ನಮ್ಮ ಕರಾವಳಿಯವರು ಬಲ್ಲ ಬಿಂಬುಳಿ. ಇಲ್ಲೊಂದು ಎಚ್ಚರಿಕೆ ಅಗತ್ಯ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಸಾರಿಗೆ ನಾಲ್ಕಾರು ಕಾಯಿ ಹಾಕುವುದು ಬೇರೆ, ಔಷಧಿಯೆಂದು ಅದರ ಹಸಿ ರಸವನ್ನು ಲೋಟಗಟ್ಟಲೆ ಕುಡಿಯುವುದು ಬೇರೆ. ಹಾಗೆ ಕುಡಿದವರ ಮೂತ್ರಪಿಂಡಗಳಿಗೆ ತೀವ್ರ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಹುಳಿ ಕಾಯುತ್ತದೆ, ಆದರೆ...

ಸೆಖೆಯ ನಾಡಿನಲ್ಲಿ ಆಹಾರ ಬೇಗ ಕೆಡುತ್ತದೆ. ತೆಂಗಿನ ಅಥವಾ ನಿಪಾ ತಾಳೆಯ ಸಿಹಿನೀರನ್ನು ಇಟ್ಟರೆ ಮೊದಲು ಯೀಸ್ಟ್ ಅದರ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ಇದೇ ವಿನೆಗರ್. ಮಾಂಸವನ್ನು ವಿನೆಗರ್, ಉಪ್ಪು, ಬೆಳ್ಳುಳ್ಳಿಗಳಲ್ಲಿ ಬೇಯಿಸಿದರೆ ಅಡೋಬೋ. ಹೆಸರು ಸ್ಪೇನಿನವರದು, ಕ್ರಮ ಅವರು ಬರುವ ಮೊದಲೇ ಅಲ್ಲಿತ್ತು. ಆಮ್ಲದಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು. ಹೀಗಾಗಿ ಫ್ರಿಜ್ ಇಲ್ಲದ ದಿನಗಳಲ್ಲಿ ಅಡೋಬೋ ಇತರ ಅಡುಗೆಗಳಿಗಿಂತ ಹೆಚ್ಚು ಕಾಲ ಕೆಡದೆ ಉಳಿಯುತ್ತಿತ್ತು.

ಆದರೆ ಹುಳಿ ಬೆಂಕಿಯ ಕೆಲಸ ಮಾಡದು. 'ಕಿನಿಲಾವ್' ಎಂಬ ತಿನಿಸಿನಲ್ಲಿ ಹಸಿ ಮೀನು ವಿನೆಗರ್‌ನಲ್ಲಿ ಬೆಳ್ಳಗಾಗಿ ಬೆಂದಂತೆ ಕಾಣುತ್ತದೆ. ಆಮ್ಲದಿಂದ ಪ್ರೋಟೀನಿನ ರಚನೆ ಬದಲಾದುದೇ ಅದಕ್ಕೆ ಕಾರಣ. ಪರಾವಲಂಬಿ ಹುಳುಗಳೂ ರೋಗಾಣುಗಳೂ ಅಷ್ಟಕ್ಕೆ ಸಾಯುತ್ತವೆ ಎಂಬ ಭರವಸೆಯಿಲ್ಲ. ಬಣ್ಣ ನೋಡಿ ಮೋಸಹೋಗಬಾರದು.

ಈಗ ಸಿನಿಗಾಂಗ್ ಪುಡಿ ಪೊಟ್ಟಣದಲ್ಲಿ ದೊರೆಯುತ್ತದೆ. ಅವಸರದ ಮನೆಗೆ, ಪರದೇಶದಲ್ಲಿ ದುಡಿಯುವ ಫಿಲಿಪಿನೋಗಳಿಗೆ ಅದು ದೊಡ್ಡ ಅನುಕೂಲ. ಆದರೆ ಪೊಟ್ಟಣದಲ್ಲಿ ಸಿಟ್ರಿಕ್ ಆಮ್ಲದೊಂದಿಗೆ ಸಾಕಷ್ಟು ಉಪ್ಪೂ ಇರುತ್ತದೆ. ರಕ್ತದೊತ್ತಡವುಳ್ಳವರು ಇದನ್ನು ಮರೆಯಬಾರದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಲ್ಲ ತಿಂಗಳೂ ಒಂದೇ ಹುಳಿಯಾದರೆ, ಯಾವ ಹಣ್ಣು ಯಾವ ಹದದಲ್ಲಿ ಯಾವ ಮೀನಿಗೆ ಎಂಬ ತಿಳಿವಳಿಕೆ ಒಂದೆರಡು ತಲೆಮಾರಿನಲ್ಲಿ ಮರೆತುಹೋದೀತು. ಹಿತ್ತಿಲ ಕಮಿಯಾಸ್ ಮರವನ್ನು ಉಳಿಸಿಕೊಳ್ಳಲು ಕಾರಣವೂ ಇರದು.

ಈ ಮಾತು ನಮಗೂ ಅನ್ವಯಿಸುತ್ತದೆ. ಮಾವಿನಕಾಯಿ, ಅಮಟೆ, ಬಿಂಬುಳಿ, ಮುರುಗಲು ನಮ್ಮಲ್ಲೂ ಉಂಟು. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿನೋಡಿ: ಯಾವುದಕ್ಕೆ ಯಾವ ಹುಳಿ, ಏಕೆ? ಉತ್ತರವನ್ನು ಬರೆದಿಟ್ಟುಕೊಳ್ಳಿ.