ಯುದ್ಧದ ತರುವಾಯ ಮೋಟಾರು

ಯುದ್ಧ ಮುಗಿಯಿತೆಂಬುದನ್ನು ಜನಸಾಮಾನ್ಯರು ನಂಬುವುದು ಒಪ್ಪಂದದ ಕಾಗದಗಳನ್ನು ಕಂಡಲ್ಲ. ಕಾಣೆಯಾಗಿದ್ದ ದಿನಬಳಕೆಯ ಪದಾರ್ಥಗಳು ಮತ್ತೆ ಕೈಗೆ ಬಂದಾಗ. ಅಮೆರಿಕದ ಸಂಸಾರವಂದಿಗನಿಗೆ ಅಂಥದೊಂದು ಪದಾರ್ಥ ಮೋಟಾರು ಕಾರು.

1942ರ ಫೆಬ್ರವರಿಯಲ್ಲಿ ಸರ್ಕಾರದ ಆಜ್ಞೆಯಂತೆ ಅಲ್ಲಿ ಖಾಸಗಿ ಕಾರುಗಳ ತಯಾರಿಕೆ ನಿಂತಿತು. ಡೆಟ್ರಾಯಿಟಿನ ಕಾರ್ಖಾನೆಗಳು ಯುದ್ಧಸಾಮಗ್ರಿಯತ್ತ ತಿರುಗಿದವು. ಮಿಷಿಗನ್ ಪ್ರಾಂತದ ವಿಲೋ ರನ್ನಿನಲ್ಲಿ ಫೋರ್ಡ್ ಸಂಸ್ಥೆಯೊಂದೇ 8,000ಕ್ಕೂ ಮಿಗಿಲಾಗಿ ಬಿ-24 ಬಾಂಬರ್ ವಿಮಾನಗಳನ್ನು ಕಟ್ಟಿತು. ಮನೆಯಲ್ಲಿದ್ದ ಹಳೆಯ ಕಾರಿಗೆ ಪೆಟ್ರೋಲೂ ಟೈರೂ ರೇಷನ್ನಿನಲ್ಲಿ ದೊರೆತಷ್ಟೇ.

1945ರ ಜುಲೈ 3ರಂದು, ಜಪಾನಿನೊಡನೆ ಸಮರ ಇನ್ನೂ ನಡೆಯುತ್ತಿದ್ದಾಗಲೇ, ಫೋರ್ಡಿನ ಮೊದಲ ಕಾರು ಕಾರ್ಖಾನೆಯಿಂದ ಹೊರಬಂದಿತು. ಹೆಸರಿಗೆ 1946ರ ಮಾದರಿ; ಒಡಲು ಬಹುಮಟ್ಟಿಗೆ 1942ರದೇ. ಹಳೆಯ ಮೂರ್ತಿಗೆ ಹೊಸ ಬೆಳ್ಳಿಯ ಮುಖವಾಡ ತೊಡಿಸಿದಂತೆ ಮುಂಭಾಗದ ಜಾಲರಿಯನ್ನು ಬದಲಿಸಿದ್ದರು. ಇದರಲ್ಲಿ ವಂಚನೆಯೇನೂ ಇರಲಿಲ್ಲ. ಉಕ್ಕಿನ ತಗಡನ್ನು ಒತ್ತುವ ಹೊಸ ಅಚ್ಚುಗಳಿಗೆ ಬಹುಕಾಲ, ಬಹುಧನ ಬೇಕು. ಹಳೆಯ ಅಚ್ಚುಗಳು ಸಿದ್ಧವಾಗಿದ್ದವು, ಕೊಳ್ಳುವವರು ಕಾದಿದ್ದರು. ಫೋರ್ಡ್ ಪೂರ್ಣವಾಗಿ ಹೊಸದಾದ ಕಾರನ್ನು ಜನರ ಮುಂದಿಟ್ಟದ್ದು 1948ರ ಜೂನ್‌ನಲ್ಲಿ.

ಆದರೆ ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಕಾರಿನ ಚೆಲುವಲ್ಲ, ಅದನ್ನು ಮಾಡಿದವರು ಎತ್ತಿದ ಒಂದು ಪ್ರಶ್ನೆ. 1945ರ ನವೆಂಬರ್ 21ರಂದು ಜನರಲ್ ಮೋಟಾರ್ಸ್‌ನ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಮುಂದಾಳು ವಾಲ್ಟರ್ ರೂಥರ್ ಕೇಳಿದ್ದು ಕೂಲಿಯಲ್ಲಿ ನೂರಕ್ಕೆ 30ರ ಏರಿಕೆ. ಅದೂ ಕಾರಿನ ಬೆಲೆಯನ್ನು ಏರಿಸದೆ. ಆಗದೆಂದರೆ ಲೆಕ್ಕದ ಪುಸ್ತಕಗಳನ್ನು ತೆರೆದು ತೋರಿಸಿ, ಎಂದರು. ಕೂಲಿ ಬೇಡುವವನು ಕೊಳ್ಳುವವನ ಹಿತವನ್ನೂ ಸೇರಿಸಿ ವಾದಿಸಿದ್ದು ಸಣ್ಣ ಮಾತಲ್ಲ. 113 ದಿನಗಳ ಬಳಿಕ, 1946ರ ಮಾರ್ಚ್‌ನಲ್ಲಿ, ಗಂಟೆಗೆ ಹದಿನೆಂಟೂವರೆ ಸೆಂಟುಗಳ ಏರಿಕೆಯೊಡನೆ ರಾಜಿಯಾಯಿತು. ಬೆಲೆಯ ಬಗ್ಗೆ ಸಂಸ್ಥೆ ಯಾವ ಕಟ್ಟಿಗೂ ಒಳಪಡಲಿಲ್ಲ.

1949ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು 50 ಲಕ್ಷವನ್ನು ಮೀರಿ, 1929ರ ದಾಖಲೆಯನ್ನು ಹಿಂದಿಕ್ಕಿದವು. ಯಂತ್ರಗಳನ್ನು ಯುದ್ಧದಿಂದ ಶಾಂತಿಗೆ ತಿರುಗಿಸುವ ವಿದ್ಯೆಯನ್ನು ಆ ದೇಶ ಬಲುಬೇಗ ಸಾಧಿಸಿತೆಂಬುದರಲ್ಲಿ ಸಂದೇಹವಿಲ್ಲ. ಯಂತ್ರದಿಂದ ಬಂದ ಲಾಭ ಮಾಡುವವನಿಗೆಷ್ಟು, ಕೊಳ್ಳುವವನಿಗೆಷ್ಟು, ಒಡೆಯನಿಗೆಷ್ಟು ಎಂದು ತೋರಿಸಬೇಕಾಗಿದ್ದ ಪುಸ್ತಕ ಮಾತ್ರ ಅಂದು ತೆರೆಯಲಿಲ್ಲ.