ಊರಿನ ಶಾಲೆಗೆ ಕಂಪ್ಯೂಟರ್ ಕೊಡುವ ಮೊದಲು

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಅನೇಕರು ತಾವು ಓದಿದ ಸರ್ಕಾರಿ ಶಾಲೆಯನ್ನು ನೋಡಿ ಬರುತ್ತೇವೆ. ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಮೊದಲು ಹೊಳೆಯುವುದು ಕಂಪ್ಯೂಟರ್. ಹಣ ಕೊಡುವ ಮೊದಲು ದಕ್ಷಿಣ ಅಮೆರಿಕದ ಪೆರು ದೇಶದ ಅನುಭವವನ್ನು ತಿಳಿದುಕೊಳ್ಳುವುದು ಒಳ್ಳೆಯದು.

2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಅವರು ಬಡ ದೇಶಗಳ ಪ್ರತಿ ಮಗುವಿಗೂ 100 ಡಾಲರಿನ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಪ್ರಕಟಿಸಿದರು. ತಯಾರಾಗಿ ಬಂದಾಗ ಅದರ ಬೆಲೆ 200 ಡಾಲರಿನ ಹತ್ತಿರವಿತ್ತು. ಪೆರು ಸರ್ಕಾರ ಲಕ್ಷಗಟ್ಟಲೆ ಕೊಂಡಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂತು. ಸುಮಾರು 15 ತಿಂಗಳ ಬಳಕೆಯ ನಂತರ ಮಕ್ಕಳ ಸಾಮಾನ್ಯ ಯೋಚನಾಶಕ್ತಿಯಲ್ಲಿ ಸ್ವಲ್ಪ ಏಳಿಗೆ ಕಂಡಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇರಲಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲ. ದಿನದ ಪಾಠಕ್ಕೆ ಯಂತ್ರವನ್ನು ಹೇಗೆ ಹೊಂದಿಸುವುದೆಂದು ಶಿಕ್ಷಕರಿಗೆ ಯಾರೂ ಸರಿಯಾಗಿ ತೋರಿಸಿರಲಿಲ್ಲ. ವೈದ್ಯನಾಗಿ ನನಗನ್ನಿಸುವುದು ಇಷ್ಟು: ಸಿರಿಂಜು ಬಂತು, ಔಷಧ ಬರಲಿಲ್ಲ.

ಇಲ್ಲಿ ಔಷಧವೆಂದರೆ ಪಾಠ. ಒಳ್ಳೆಯ ಪಾಠವೊಂದನ್ನು ತಯಾರಿಸಲು ಖರ್ಚಾಗುತ್ತದೆ, ಪ್ರತಿ ಮಾಡಲು ಬಹುತೇಕ ಏನೂ ಆಗುವುದಿಲ್ಲ. ಪೇಟೆಂಟ್ ಮುಗಿದ ಔಷಧವನ್ನು ಯಾವ ಕಂಪನಿಯಾದರೂ ಅಗ್ಗವಾಗಿ ತಯಾರಿಸಬಹುದಲ್ಲವೇ? ಹಾಗೆಯೇ ಮುಕ್ತ ಪರವಾನಗಿಯ ಪಾಠವನ್ನು ಯಾರು ಬೇಕಾದರೂ ಹಂಚಬಹುದು. ಆ ಪರವಾನಗಿಗಳಲ್ಲಿ ಹೆಚ್ಚಿನವು ಅನುವಾದಕ್ಕೂ ತಿದ್ದುವುದಕ್ಕೂ ಅನುಮತಿ ಕೊಡುತ್ತವೆ. ಇಂಥವನ್ನು ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂದು ಕರೆಯುತ್ತಾರೆ. ಯುನೆಸ್ಕೊ 2002ರಿಂದ ಈ ಹೆಸರನ್ನು ಬಳಸುತ್ತಿದೆ.

ಇಂಟರ್‌ನೆಟ್ ಇಲ್ಲದ ಊರಿಗೂ ದಾರಿಯಿದೆ. ‘ಕೊಲಿಬ್ರಿ’ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಪೇಟೆಯಲ್ಲಿ ಒಮ್ಮೆ ಪಾಠಗಳನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಳ್ಳಿಗೆ ಒಯ್ಯಬಹುದು. ಶಾಲೆಯ ಹಳೆಯ ಕಂಪ್ಯೂಟರೋ, ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರವೋ ಸರ್ವರ್ ಆಗುತ್ತದೆ. ತರಗತಿಯ ಫೋನು, ಟ್ಯಾಬ್ಲೆಟ್‌ಗಳು ವೈಫೈ ಮೂಲಕ ಅದರಿಂದ ಪಾಠ ಪಡೆಯುತ್ತವೆ. ಯಾವ ಮಗು ಯಾವ ಲೆಕ್ಕದಲ್ಲಿ ತಡವರಿಸಿದೆ ಎಂಬುದು ಶಿಕ್ಷಕರಿಗೆ ಕಾಣುತ್ತದೆ.

ಕೊನೆಗೂ ಎಲ್ಲ ನಿಂತಿರುವುದು ಶಿಕ್ಷಕರ ಮೇಲೆ. ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ಮುಕ್ತ ಪಾಠಗಳನ್ನು ಬರೆದು ಸೇರಿಸುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣವಿದೆ. ತಮ್ಮ ಮಕ್ಕಳಿಗೆ ಯಾವುದು ಅರ್ಥವಾಗುತ್ತಿಲ್ಲವೆಂದು ಬಲ್ಲವರು ಅವರೇ.

ನಮ್ಮ ಪಾಲಿಗೂ ಕೆಲಸವಿದೆ. ನಮ್ಮಲ್ಲಿ ಎಂಜಿನಿಯರುಗಳು, ವೈದ್ಯರು, ಕನ್ನಡ ಬಲ್ಲ ಅಜ್ಜ ಅಜ್ಜಿಯರು ಇದ್ದಾರೆ. ವಿಜ್ಞಾನದ ಒಂದು ಮುಕ್ತ ಪಾಠವನ್ನು ಮಕ್ಕಳಾಡುವ ಕನ್ನಡಕ್ಕೆ ತಂದು, ಅದಕ್ಕೆ ದನಿ ಕೊಟ್ಟರೆ ಅದು ಒಂದು ಶಾಲೆಗಲ್ಲ, ಸಾವಿರ ಶಾಲೆಗಳಿಗೆ ಮುಟ್ಟಬಹುದು. ಮುಂದಿನ ಸಲ ಊರಿಗೆ ಹೋದಾಗ ಹೆಡ್‌ಮಾಸ್ಟರನ್ನು ‘ಎಷ್ಟು ಕಂಪ್ಯೂಟರ್ ಬೇಕು ಸಾರ್?’ ಎಂದು ಕೇಳುವ ಮೊದಲು, ‘ಮಕ್ಕಳಿಗೆ ಯಾವ ಪಾಠ ಕಷ್ಟವಾಗುತ್ತಿದೆ?’ ಎಂದು ಕೇಳೋಣ.