ವಿಮಾನದ ಭಯ ಮತ್ತು ಜಪಮಾಲೆ

ಪ್ರಶ್ನೆ: ಅಬುಧಾಬಿಯಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕು. ವಿಮಾನವೆಂದರೆ ಎದೆ ಡವಡವ ಅನ್ನುತ್ತದೆ. ನಿತ್ಯ ಜಪಮಾಲೆ ಹೇಳುವ ನನಗೆ ಹೀಗೆ ಭಯವಾಗುವುದು ವಿಶ್ವಾಸದ ಕೊರತೆಯೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಖಂಡಿತ ಅಲ್ಲ, ಅಮ್ಮ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಕಳವಳಪಟ್ಟು, ಬೆವರಿ ಪ್ರಾರ್ಥಿಸಿದ್ದನ್ನು ಶುಭಸಂದೇಶ ಮುಚ್ಚಿಟ್ಟಿಲ್ಲ. ಭಯವನ್ನು ಇದ್ದ ಹಾಗೆಯೇ ದೇವರ ಮುಂದಿಡಿ.

ನಿಮ್ಮ ಕೈಯಲ್ಲಿರುವ ಜಪಮಾಲೆಯೇ ಇಲ್ಲಿ ದೊಡ್ಡ ಆಸರೆ. ಇಟಲಿಯ ಸಂಶೋಧಕರು ಜಪಮಾಲೆ ಹೇಳುವವರ ಉಸಿರನ್ನು ಅಳೆದು ನೋಡಿದ್ದಾರೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಲ್ಯಾಟಿನ್‌ನಲ್ಲಿ ಜಪ ಹೇಳುವಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಉಸಿರು ನಿಧಾನವಾದರೆ ಎದೆಬಡಿತವೂ ಹದಕ್ಕೆ ಬರುತ್ತದೆ. ವಿಮಾನ ರನ್‌ವೇಯಲ್ಲಿ ಓಡತೊಡಗಿದಾಗ ಅವಸರಪಡದೆ ಒಂದೊಂದೇ ಮಣಿ ಸರಿಸಿ. ಉಸಿರು ಬಿಡುತ್ತಾ ಮೆಲುದನಿಯಲ್ಲಿ ಜಪಿಸಿ. ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ.

ನಿಮ್ಮೂರಿನ ಲೊರೆಟ್ಟೊ ಚರ್ಚ್ ನಿಮಗೆ ಗೊತ್ತೇ ಇದೆ. ಲೊರೆಟ್ಟೊ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು 1920ರಲ್ಲಿ ಪೋಪ್ 15ನೇ ಬೆನೆಡಿಕ್ಟರು ಘೋಷಿಸಿದರು. ನಜರೇತಿನಲ್ಲಿದ್ದ ಮಾತೆಯ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಯ ಲೊರೆಟ್ಟೊಗೆ ಹೊತ್ತು ತಂದರೆಂಬ ಐತಿಹ್ಯ ಇದಕ್ಕೆ ಕಾರಣ. ಹೊರಡುವ ಮುನ್ನ ನಿಮ್ಮೂರಿನ ಆ ಚರ್ಚ್‌ನಲ್ಲೊಂದು ಮೇಣದಬತ್ತಿ ಹಚ್ಚಿ ಬನ್ನಿ.

ರೆಕ್ಕೆ ಬಾಗುವುದನ್ನು ಕಂಡು ಗಾಬರಿಯಾಗಬೇಡಿ, ಬಾಗುವಂತೆಯೇ ಅದನ್ನು ಕಟ್ಟಿರುತ್ತಾರೆ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಬೆಲ್ಟ್ ಬಿಗಿದೇ ಇರಲಿ. ಭಯವಿದೆಯೆಂದು ಗಗನಸಖಿಗೆ ಮೊದಲೇ ಹೇಳಿಬಿಡಿ. ಈಗಲೇ ನಿದ್ದೆ ಬಾರದಷ್ಟು ಹೆದರಿಕೆಯಿದ್ದರೆ ವೈದ್ಯರನ್ನು ಕಾಣಿ. ಪ್ರಾರ್ಥನೆಗೂ ಅದಕ್ಕೂ ವಿರೋಧವಿಲ್ಲ.